ಹಾನ್ ವಿಮಾನ ನಿಲ್ದಾಣ: ಮೊದಲು ಬಸ್ಸು, ಆಮೇಲೆ ವಿಮಾನ

ಜರ್ಮನಿಯ ಫ್ರಾಂಕ್‌ಫರ್ಟ್-ಹಾನ್ ವಿಮಾನ ನಿಲ್ದಾಣದಿಂದ ಎಲ್ಲಿಗಾದರೂ ಹೋಗಬೇಕು ಅಂದರೆ ನಾನು ಮೊದಲು ನೋಡುವುದು ಬಸ್ಸಿನ ವೇಳಾಪಟ್ಟಿ. ಬಸ್ಸಿನ ಹೊತ್ತು ಹೊಂದಿದರೆ ಮಾತ್ರ ವಿಮಾನದ ಟಿಕೆಟ್ ತೆಗೆಸುತ್ತೇನೆ.

ಹೆಸರಲ್ಲಿ ಫ್ರಾಂಕ್‌ಫರ್ಟ್ ಇದೆ, ಆದರೆ ನಿಲ್ದಾಣ ಇರುವುದು ಊರಿಂದ ಸುಮಾರು 120 ಕಿ.ಮೀ. ಪಶ್ಚಿಮಕ್ಕೆ, ಹುನ್ಸ್‌ರುಕ್ ಗುಡ್ಡಗಳ ಮೇಲೆ. ರಾಜ್ಯವೇ ಬೇರೆ. ಬೆಂಗಳೂರಿನ ನಿಲ್ದಾಣ ಅಂತ ಹೇಳಿ ಮಂಡ್ಯದಿಂದಾಚೆ ಇಳಿಸಿದಷ್ಟು ದೂರ. ಇದು ಮೊದಲು ಅಮೆರಿಕದ ವಾಯುಪಡೆಯ ನೆಲೆಯಾಗಿತ್ತು. 1993ರಲ್ಲಿ ಅವರು ಬಿಟ್ಟುಕೊಟ್ಟರು, 1999ರಲ್ಲಿ ಅಗ್ಗದ ಟಿಕೆಟ್‌ನ ವಿಮಾನ ಕಂಪನಿ ರಯನ್‌ಏರ್ ಬಂತು. ಯುದ್ಧವಿಮಾನಗಳಿಗೆ ಊರು ಹತ್ತಿರ ಇರಬೇಕಾಗಿಲ್ಲ, ಅಲ್ವಾ? ಹಾಗಾಗಿ ಇಲ್ಲಿಗೆ ರೈಲೂ ಇಲ್ಲ. ಕಾರಿಲ್ಲದವರಿಗೆ ಬಸ್ಸೇ ಗತಿ.

ಫ್ರಾಂಕ್‌ಫರ್ಟ್ ಮುಖ್ಯ ರೈಲು ನಿಲ್ದಾಣದ ದಕ್ಷಿಣ ಪಕ್ಕದಲ್ಲಿ ಬಸ್ಸು ಸಿಗುತ್ತದೆ. ದಾರಿ ಸುಮಾರು ಒಂದೂಮುಕ್ಕಾಲು ಗಂಟೆ. ವಿಮಾನದ ಟಿಕೆಟ್ ತೀರಾ ಅಗ್ಗಕ್ಕೆ ಸಿಕ್ಕಾಗ ಹೋಗಿಬರುವ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಗುವುದುಂಟು. ಅದಕ್ಕೇ ನಾನು ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತೇನೆ. ನಾಲ್ಕು ಜನ ಹೊರಟರೆ ಯಾರದಾದರೂ ಕಾರಲ್ಲಿ ಹೋಗಿ ಅಲ್ಲೇ ನಿಲ್ಲಿಸಿ ಬರುವುದು ವಾಸಿ.

ಹೊತ್ತಿನ ವಿಷಯ ಇನ್ನೂ ಮುಖ್ಯ. ಫ್ರಾಂಕ್‌ಫರ್ಟಿನ ದೊಡ್ಡ ನಿಲ್ದಾಣದಲ್ಲಿ 2011ರಿಂದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ವಿಮಾನ ಹಾರಾಟಕ್ಕೆ ನಿಷೇಧವಿದೆ. ಹಾನ್‌ನಲ್ಲಿ ದಿನದ 24 ಗಂಟೆಯೂ ಅನುಮತಿ ಇದೆ. ಹಾಗಾಗಿ ಇಲ್ಲಿ ನಸುಕಿನಲ್ಲಿ ಹೊರಡುವ, ತಡರಾತ್ರಿ ಇಳಿಯುವ ವಿಮಾನ ಸಿಕ್ಕರೆ ಆಶ್ಚರ್ಯವಿಲ್ಲ. ನಸುಕಿನದಕ್ಕೆ ನಾನು ಹಿಂದಿನ ದಿನದ ಕೊನೆಯ ಬಸ್ಸಿಗೇ ಹೋಗಿಬಿಡುತ್ತೇನೆ. ಚಳಿಗಾಲದಲ್ಲಿ ಒಂದು ಬಸ್ಸು ಮುಂಚೆಯೇ ಹಿಡಿಯುತ್ತೇನೆ. ನಿಲ್ದಾಣ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ. ಕೆಳಗೆ ರೈನ್ ಕಣಿವೆಯಲ್ಲಿ ಬರೀ ಮಳೆ ಹನಿಯುತ್ತಿದ್ದಾಗ ಮೇಲೆ ಹಿಮ ಬಿದ್ದು ರಸ್ತೆ ಬೆಳ್ಳಗಾಗಿರುತ್ತದೆ. ಬಸ್ಸು ತೆವಳಿಕೊಂಡು ಹೋಗುತ್ತದೆ.

ನಮ್ಮಂಥ ಭಾರತದ ಪಾಸ್‌ಪೋರ್ಟ್‌ನವರು ಇನ್ನೊಂದು ಕೆಲಸ ಮರೆಯುವಂತಿಲ್ಲ. ಆನ್‌ಲೈನ್ ಚೆಕ್‌ಇನ್ ಆದ ಮಾತ್ರಕ್ಕೆ ನೇರ ಭದ್ರತಾ ತಪಾಸಣೆಗೆ ಹೋಗುವ ಹಾಗಿಲ್ಲ. ರಯನ್‌ಏರ್ ಕೌಂಟರಿನಲ್ಲಿ ವೀಸಾ ಮತ್ತು ದಾಖಲೆ ತೋರಿಸಬೇಕು. ಕಾಗದದ ಬೋರ್ಡಿಂಗ್ ಪಾಸ್ ಇದ್ದ ಕಾಲದಲ್ಲಿ ಅದರ ಮೇಲೆ ಮುದ್ರೆ ಒತ್ತಿ ಕೊಡುತ್ತಿದ್ದರು. 2025ರ ನವೆಂಬರ್‌ನಿಂದ ಪಾಸ್ ಮೊಬೈಲಿಗೇ ಬಂದಿದೆ. ವಿಮಾನ ಹೊರಡುವ 40 ನಿಮಿಷ ಮೊದಲೇ ಕೌಂಟರ್ ಮುಚ್ಚುತ್ತದೆ, ಗೇಟ್ 20 ನಿಮಿಷ ಮೊದಲು. ಬ್ಯಾಗ್ ಒಪ್ಪಿಸುವವರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಜರ್ಮನಿಯ ರೆಸಿಡೆನ್ಸ್ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಟ್ಟುಕೊಂಡು ನಿಲ್ಲುತ್ತೇನೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ರಯನ್‌ಏರ್‌ನಲ್ಲಿ ಪುಕ್ಕಟೆ ಒಯ್ಯಬಹುದಾದ ಬ್ಯಾಗಿನ ಅಳತೆ ಈಗ 40, 30, 20 ಸೆಂ.ಮೀ. ಕಾಲೇಜಿಗೆ ಒಯ್ಯುವ ಮೆತ್ತಗಿನ ಬೆನ್ನುಚೀಲ ಸಾಕು. ಚಕ್ರದ ಪೆಟ್ಟಿಗೆ ಬೇಡ.

ಊರಿಂದ ಅಪ್ಪ ಅಮ್ಮ ಬರುವಾಗ ಟಿಕೆಟ್ ಜೋಡಿಸುವವರಿಗೆ ಒಂದು ಮಾತು. ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟಿಗೆ ಬಂದರೆ ಇಳಿಯುವುದು ಎಫ್‌ಆರ್‌ಎ ಎಂಬ ಕೋಡಿನ ದೊಡ್ಡ ನಿಲ್ದಾಣದಲ್ಲಿ. ಹಾನ್‌ನ ಕೋಡ್ ಎಚ್‌ಎಚ್‌ಎನ್. ಹುಡುಕುವಾಗ ಎರಡೂ ಫ್ರಾಂಕ್‌ಫರ್ಟ್ ಅಂತಲೇ ಕಾಣುತ್ತವೆ. ವಯಸ್ಸಾದವರನ್ನು ಅದೇ ದಿನ ಒಂದರಿಂದ ಇನ್ನೊಂದಕ್ಕೆ ಓಡಿಸಬೇಡಿ. ಸಾಮಾನು ಬರುವುದು ತಡವಾದರೆ ಬಸ್ಸು ತಪ್ಪುತ್ತದೆ. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ಮುಂದಿನ ವಿಮಾನ ಯಾರಿಗೂ ಕಾಯುವುದಿಲ್ಲ. ಒಂದು ರಾತ್ರಿ ಮನೆಯಲ್ಲಿ ಉಳಿಸಿಕೊಂಡು ಮರುದಿನ ಕಳಿಸಿ.