ವಿದೇಶಾಂಗ ನೀತಿಯ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಅಮೆರಿಕದ ಸಂಸದರಿಗೆ ಮುಟ್ಟಿಸುವುದು ಹೇಗೆ?

ಯುದ್ಧ, ಶಸ್ತ್ರಾಸ್ತ್ರ ಮಾರಾಟ, ವಿದೇಶಿ ನೆರವು, ಸುಂಕ. ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಇವುಗಳ ಚರ್ಚೆಗೇನೂ ಕೊರತೆಯಿಲ್ಲ. ಅದೇ ಮಾತನ್ನು ಈ ವಿಷಯಗಳ ಮೇಲೆ ಮತ ಹಾಕುವ ಸಂಸದರ ಕಚೇರಿಗೆ ತಲುಪಿಸಲು ಒಂದು ನಿಮಿಷದ ಫೋನ್ ಕರೆ ಸಾಕು. ಆದರೆ ಫೋನ್ ಎತ್ತುವ ಮೊದಲು ಮಾಡುವ ತಯಾರಿಯ ಮೇಲೆಯೇ ಎಲ್ಲವೂ ನಿಂತಿದೆ.

ನಿಮ್ಮ ವಿಷಯ ಯಾರ ಮತಕ್ಕೆ ಬರುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಒಪ್ಪಂದಗಳು ಮತ್ತು ರಾಯಭಾರಿಗಳ ನೇಮಕ ಸೆನೆಟ್‌ಗೆ ಮಾತ್ರ ಬರುತ್ತವೆ. ಒಪ್ಪಂದಕ್ಕೆ ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಮತ ಬೇಕು. ನೆರವಿನ ಹಣಕ್ಕೆ ಪ್ರತಿನಿಧಿ ಸಭೆ, ಸೆನೆಟ್ ಎರಡೂ ಸದನಗಳ ಒಪ್ಪಿಗೆ ಬೇಕು. ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುವುದರಿಂದ ಆ ಬಗ್ಗೆ ವಸಂತದಲ್ಲೇ ಮಾತಾಡಬೇಕು, ಸೆಪ್ಟೆಂಬರ್ ಕೊನೆಗೆ ಕರೆ ಮಾಡಿದರೆ ತಡವಾಗಿರುತ್ತದೆ. ಶಸ್ತ್ರಾಸ್ತ್ರ ಮಾರಾಟಕ್ಕೆ ಗಡುವು ಇನ್ನೂ ಬಿಗಿ: ದೊಡ್ಡ ಮಾರಾಟಗಳನ್ನು ಸರ್ಕಾರ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಮೊದಲೇ ತಿಳಿಸಬೇಕು. ಹೆಚ್ಚಿನ ದೇಶಗಳ ವಿಷಯದಲ್ಲಿ 30 ದಿನ, ನೇಟೋ ಮತ್ತು ಕೆಲವು ಮಿತ್ರದೇಶಗಳಿಗೆ 15 ದಿನ.

ಸೇನಾ ಕಾರ್ಯಾಚರಣೆಗೆ 1973ರ ವಾರ್ ಪವರ್ಸ್ ರೆಸಲ್ಯೂಷನ್ ಎಂಬ ಕಾಯ್ದೆ ಇದೆ. ಸೇನೆಯನ್ನು ಕಾಳಗಕ್ಕಿಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ವರದಿ ಕೊಡಬೇಕು. ಕಾಂಗ್ರೆಸ್ ಅನುಮತಿ ಇಲ್ಲದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ವಾಪಸಾತಿಗೆ ಇನ್ನೂ 30 ದಿನ ಸಿಗಬಹುದು. ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಲು 60 ಮತ ಬೇಕು. ಈ ಕಾಯ್ದೆಯಡಿ ಕಾರ್ಯಾಚರಣೆ ನಿಲ್ಲಿಸುವ ನಿರ್ಣಯಕ್ಕೆ ಸರಳ ಬಹುಮತ ಸಾಕು, ಹಾಗಾಗಿ ಇಲ್ಲಿ ಒಬ್ಬಿಬ್ಬರು ಸೆನೆಟರ್‌ಗಳ ಮನಸ್ಸು ಬದಲಾದರೂ ಫಲಿತಾಂಶ ಬದಲಾಗಬಹುದು. ಮಿತಿಯೂ ತಿಳಿದಿರಲಿ: 2019ರಲ್ಲಿ ಯೆಮನ್ ಯುದ್ಧದಲ್ಲಿ ಅಮೆರಿಕದ ಪಾತ್ರ ನಿಲ್ಲಿಸುವ ನಿರ್ಣಯ ಎರಡೂ ಸದನಗಳಲ್ಲಿ ಗೆದ್ದು, ಅಧ್ಯಕ್ಷ ಟ್ರಂಪ್ ಅವರ ವೀಟೊಗೆ ಬಿದ್ದುಹೋಯಿತು.

ಆಮೇಲೆ ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಮಸೂದೆಯ ಸಂಖ್ಯೆ ಹುಡುಕಿ. ನಿಮ್ಮ ಸಂಸದರು ಈಗಾಗಲೇ ಸಹಪ್ರಾಯೋಜಕರಾಗಿದ್ದಾರೆಯೇ ನೋಡಿ. ಆಗಿದ್ದರೆ ‘ಬೆಂಬಲಿಸಿ’ ಎಂದು ಕೇಳಿ ಪ್ರಯೋಜನವಿಲ್ಲ, ಸಮಿತಿಯಲ್ಲಿ ಅದನ್ನು ಚರ್ಚೆಗೆ ತರಲು ಒತ್ತಾಯಿಸಿ ಎಂದು ಕೇಳಿ.

ಕರೆ ಮಾಡಬೇಕಾದ್ದು ಮೂವರಿಗೆ ಮಾತ್ರ: ನಿಮ್ಮ ಕ್ಷೇತ್ರದ ಪ್ರತಿನಿಧಿ, ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳು. ಬೇರೆ ಕ್ಷೇತ್ರದ ಹೆಸರುವಾಸಿ ಸಂಸದರಿಗೆ ಮಾಡಿದ ಕರೆ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಜಿಪ್ ಕೋಡ್ ಎರಡು ಕ್ಷೇತ್ರಗಳಲ್ಲಿ ಹರಡಿರಬಹುದು, ಆದ್ದರಿಂದ ಪೂರ್ತಿ ವಿಳಾಸ ಹಾಕಿ ಹುಡುಕಿ. ಕ್ಯಾಪಿಟಲ್‌ನ 202-224-3121ಕ್ಕೆ ಕರೆ ಮಾಡಿದರೆ ಆಯಾ ಕಚೇರಿಗೆ ಜೋಡಿಸುತ್ತಾರೆ.

ಫೋನ್ ಎತ್ತುವವರು ಬಹುತೇಕ ಇಂಟರ್ನ್ ಅಥವಾ ಕಿರಿಯ ಸಿಬ್ಬಂದಿ. ಹೆಸರು, ಊರು, ಜಿಪ್ ಕೋಡ್, ಮಸೂದೆಯ ಸಂಖ್ಯೆ, ಪರವೋ ವಿರೋಧವೋ, ಒಂದೇ ಒಂದು ಕಾರಣ: ಇಷ್ಟು ಸಾಕು. ಕೊನೆಗೆ ಸಂಸದರ ನಿಲುವೇನು ಎಂದು ಕೇಳಿ, ಲಿಖಿತ ಉತ್ತರ ಬೇಕೆಂದು ಹೇಳಿ. ಹತ್ತು ನಿಮಿಷ ವಾದಿಸಿದರೂ ಅವರು ಬರೆದುಕೊಳ್ಳುವುದು ‘ಪರ’ ಅಥವಾ ‘ವಿರೋಧ’ ಎಂದಷ್ಟೇ. ವೀಸಾ ತಡವಾದ ದೂರನ್ನು ಇದೇ ಕರೆಯಲ್ಲಿ ಸೇರಿಸಬೇಡಿ. ಅದನ್ನು ನೋಡಿಕೊಳ್ಳುವವರು ಬೇರೆ, ಅದಕ್ಕೆ ಸಹಿ ಹಾಕಿದ ಅನುಮತಿ ಪತ್ರವೂ ಬೇಕು.

ಬರೆಯುವುದಾದರೆ ಸಂಸದರ ಜಾಲತಾಣದ ಫಾರ್ಮ್ ಬಳಸಿ. 2001ರ ಆಂಥ್ರಾಕ್ಸ್ ದಾಳಿಯ ನಂತರ ವಾಷಿಂಗ್ಟನ್‌ಗೆ ಹೋಗುವ ಕಾಗದಗಳೆಲ್ಲ ತಪಾಸಣೆ ದಾಟಿ ತಡವಾಗಿ ತಲುಪುತ್ತವೆ. ಸಂಘಟನೆಗಳು ಕೊಡುವ ಸಿದ್ಧ ಪತ್ರವನ್ನು ಹಾಗೇ ಕಳಿಸಿದರೆ ನೂರಾರು ಪತ್ರಗಳು ಒಂದೇ ಕಟ್ಟಾಗಿ ಲೆಕ್ಕವಾಗುತ್ತವೆ. ಮೊದಲ ಎರಡು ಸಾಲಾದರೂ ನಿಮ್ಮದಾಗಿರಲಿ.

ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಇದ್ದವರೂ ಕರೆ ಮಾಡಬಹುದು. ಆ ಕ್ಷೇತ್ರದಲ್ಲಿ ವಾಸವಾಗಿದ್ದರೆ ಸಾಕು, ಪೌರತ್ವ ಬೇಕಿಲ್ಲ. ಆದರೆ ‘ನಿಮಗೇ ಮತ ಹಾಕಿದ್ದೆ’ ಎಂದು ಬಾಯ್ತಪ್ಪಿಯೂ ಹೇಳಬೇಡಿ: ಪೌರರಲ್ಲದವರು ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಪೌರನೆಂದು ಸುಳ್ಳು ಹೇಳಿಕೊಳ್ಳುವುದು ವಲಸೆ ಅರ್ಜಿಯನ್ನೇ ಮುಳುಗಿಸಬಲ್ಲದು. ಚುನಾವಣಾ ದೇಣಿಗೆಯನ್ನು ಗ್ರೀನ್ ಕಾರ್ಡ್‌ನವರು ಕೊಡಬಹುದು, ಎಚ್-1ಬಿಯವರು ಕೊಡುವಂತಿಲ್ಲ.

ಮತದಾನ ಮುಗಿದ ದಿನವೇ ಯಾರು ಹೇಗೆ ಮತ ಹಾಕಿದರು ಎಂಬ ಪಟ್ಟಿ ಸದನದ ತಾಣದಲ್ಲಿ ಸಿಗುತ್ತದೆ. ಅದನ್ನು ನೋಡಿ, ಮಾರನೆಯ ದಿನ ಮತ್ತೊಮ್ಮೆ ಕರೆ ಮಾಡಿ. ಕೃತಜ್ಞತೆಯಾಗಲಿ ಆಕ್ಷೇಪವಾಗಲಿ, ಮಸೂದೆಯ ಸಂಖ್ಯೆಯೊಂದಿಗೆ ದಾಖಲಾಗಲಿ.