ಬಲ್ಬಿನ ಕೆಳಗೆ ಹಿಡಿದ ಅಲಗು

ಕೆಲಸದ ಮೇಲೆ ಜಪಾನಿನ ಒಕಾಯಾಮಾಕ್ಕೆ ಬಂದ ಮೊದಲ ವರ್ಷ ಓಸಾಫುನೆಯ ಕತ್ತಿ ಮ್ಯೂಸಿಯಂಗೆ ನಾಲ್ಕು ಸಲ ಹೋಗಿದ್ದೆ. ಗಾಜಿನ ಹಿಂದಿದ್ದ ಕತ್ತಿಗಳೆಲ್ಲ ಒಂದೇ ಥರ ಕಂಡವು. ಕಮ್ಮಾರ ಹದ ಕೊಟ್ಟ ಕುಡುಗೋಲು ನೋಡಿ ಬೆಳೆದವನು ನಾನು. ಇದರ ಮುಂದೆ ಜನ ಅರ್ಧ ಗಂಟೆ ನಿಲ್ಲೋದು ಯಾಕೆ ಅಂತ ಅರ್ಥವೇ ಆಗುತ್ತಿರಲಿಲ್ಲ.

ಆಮೇಲೆ ಆಫೀಸಿನ ಹಿರಿಯರೊಬ್ಬರು ಹಳೆ ಕತ್ತಿಗಳನ್ನು ಕೈಗೆ ಕೊಟ್ಟು ತೋರಿಸುವ ಕೂಟವೊಂದಕ್ಕೆ ಕರೆದುಕೊಂಡು ಹೋದರು. ವಾಚು, ಉಂಗುರ ಬಿಚ್ಚಿಡಬೇಕು. ಎತ್ತಿಕೊಳ್ಳುವ ಮೊದಲು ಕತ್ತಿಗೆ ತಲೆಬಾಗಬೇಕು. ಅಲಗಿಗೆ ಬೆರಳು ತಾಗಿಸುವ ಹಾಗಿಲ್ಲ, ಬಟ್ಟೆಯ ಆಸರೆ ಕೊಡಬೇಕು. ಅದರ ಮುಂದೆ ಮಾತೂ ಆಡಬಾರದು. ಉಗುಳಿನ ಸಣ್ಣ ಹನಿ ಬಿದ್ದರೂ ತುಕ್ಕು. ನಾನು ಮೊದಲ ಕತ್ತಿ ಎತ್ತಿದವನೇ "ಎಷ್ಟು ಭಾರ!" ಅಂದುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜ ಏನೂ ಹೇಳದೆ ಮೆತ್ತನೆಯ ಕಾಗದ ತೆಗೆದು ಅಲಗು ಒರೆಸಿದರು. ನಾಚಿಕೆಯಾಯಿತು.

ಅಲಗಿನ ಹರಿತವಾದ ಬಾಯಿಯ ಉದ್ದಕ್ಕೆ ಕಾಣುವ ಬೆಳ್ಳನೆ ಪಟ್ಟಿಯನ್ನೇ ನಾನು ಇಷ್ಟು ದಿನ 'ಹಮೋನ್' ಅಂದುಕೊಂಡಿದ್ದೆ. ಅದು ಸಾಣೆಯವರ ಕೈಚಳಕವಂತೆ: ಕಾಗದದಷ್ಟು ತೆಳು ಕಲ್ಲಿನ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಉಜ್ಜಿ ಬಿಳುಪು ಬರಿಸುತ್ತಾರೆ. ನಿಜವಾದ ಹಮೋನ್ ಅದರ ಒಳಗೆಲ್ಲೋ ಇರುತ್ತದೆ. ಕಮ್ಮಾರ ಅಲಗಿಗೆ ಮಣ್ಣು ಮೆತ್ತುವಾಗ ಬಾಯಿಯ ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪಗೆ ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನಕ್ಕೆ ತಣಿದು ಮೆದುವಾಗಿಯೇ ಉಳಿಯುತ್ತದೆ. ಇವೆರಡರ ನಡುವಿನ ಗಡಿಯೇ ಹಮೋನ್.

ಅದನ್ನು ನೋಡುವ ಬಗೆ ಹೀಗೆ. ಕತ್ತಲ ಕೋಣೆ, ಒಂದೇ ಬಲ್ಬು. ಕೈ ಚಾಚಿ ಮೊನೆಯನ್ನು ಬಲ್ಬಿನ ಕಡೆಗೆ ತಿರುಗಿಸಿ, ಅಲಗಿನ ಮೇಲೆ ಬಿದ್ದ ಬೆಳಕಿನ ಚುಕ್ಕೆಯ ಅಂಚನ್ನೇ ನೋಡುತ್ತಾ ಮಣಿಕಟ್ಟನ್ನು ಕೂದಲೆಳೆಯಷ್ಟು ಆಡಿಸಬೇಕು. ಹತ್ತು ನಿಮಿಷ ಏನೂ ಕಾಣಲಿಲ್ಲ, ತೋಳು ನೋಯತೊಡಗಿತು. ಆಮೇಲೆ ಇದ್ದಕ್ಕಿದ್ದಂತೆ ಬಿಳುಪಿನ ಒಳಗಿಂದ ಮಂಜಿನ ಗೆರೆಯೊಂದು ಎದ್ದಿತು, ಲವಂಗದ ಮೊಗ್ಗು ಸಾಲಾಗಿಟ್ಟ ಹಾಗೆ. ಓಸಾಫುನೆ ಇರುವ ಹಳೆಯ ಬಿಜೆನ್ ಸೀಮೆಯ ಗುರುತೇ ಅದು. ಮೇಲಿನ ಉಕ್ಕಿನಲ್ಲಿ ಹಲಗೆಯ ನಾರಿನಂಥ ಗೆರೆಗಳು. ಮಡಚಿ ಮಡಚಿ ಬಡಿದದ್ದರ ಫಲ. ನಮ್ಮ ಮೈಸೂರು ಸೀಮೆಯ ಮೂಸೆಯ ಉಕ್ಕಿನ ಅಲೆಗಳು ಬೇರೆ, ಅವು ಉಕ್ಕಿನ ಗಟ್ಟಿಯೊಳಗೇ ಇರುವ ಕಾರ್ಬೈಡಿನಿಂದ, ಅಂದರೆ ಇಂಗಾಲ ಸೇರಿದ ಗಡುಸು ಕಣಗಳಿಂದ, ಬಂದವು.

ಮೂರನೇ ಕೂಟದಲ್ಲಿ ಪರೀಕ್ಷೆ. ಹಿಡಿ ಬಿಚ್ಚದೆ, ಅದರೊಳಗೆ ಕೆತ್ತಿದ ಕಮ್ಮಾರನ ಹೆಸರು ನೋಡದೆ ಕತ್ತಿಯ ಕಾಲ ಹೇಳಬೇಕು. ಬಾಗು ಕಡಿಮೆ ಇತ್ತು. 1660ರ ಆಸುಪಾಸಿನ ಕತ್ತಿಗಳು ಹಾಗೆ ನೆಟ್ಟಗಿರುತ್ತವೆ ಅಂತ ಓದಿದ್ದೆ. ಅದನ್ನೇ ಚೀಟಿಯಲ್ಲಿ ಬರೆದುಕೊಟ್ಟೆ.

ಕೂಟದ ಗುರು, ಸೆನ್ಸೇ, ನಕ್ಕು, ಬಿದಿರಿನ ಮೊಳೆ ತೆಗೆದು, ಎಡಗೈಯಲ್ಲಿ ಹಿಡಿಯನ್ನು ಹಿಡಿದು ಆ ಮಣಿಕಟ್ಟಿಗೆ ಬಲಮುಷ್ಟಿಯಿಂದ ಮೆಲ್ಲಗೆ ಗುದ್ದಿದರು. ಅಲಗು ಸಡಿಲವಾಯಿತು. ಹಿಡಿಯೊಳಗಿನ ಬಾಲದ ತುಂಬ ಕಪ್ಪು ತುಕ್ಕು, ಎರಡು ತೂತು, ಹೆಸರಿಲ್ಲ. ಆ ತುಕ್ಕನ್ನು ಯಾರೂ ಉಜ್ಜುವುದಿಲ್ಲ, ವಯಸ್ಸು ತಿಳಿಯೋಕೆ ಅದೂ ಒಂದು ಗುರುತು. ಕುದುರೆ ಸವಾರರ ಉದ್ದ ಕತ್ತಿಯಾಗಿದ್ದ ಇದನ್ನು ಮುಂದಿನ ಕಾಲದಲ್ಲಿ ನಡುಪಟ್ಟಿಗೆ ಸಿಕ್ಕಿಸಿಕೊಳ್ಳಲು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿದ್ದರು. ಹೆಸರಿನ ಜತೆಗೆ, ಹಿಡಿಯ ಹತ್ತಿರ ಇದ್ದ ಬಾಗೂ ಹೋಗಿತ್ತು. ಅದು ಕಾಮಾಕುರಾ ಕಾಲದ್ದು, ನನ್ನ ಲೆಕ್ಕಕ್ಕಿಂತ ಮುನ್ನೂರು ವರ್ಷಕ್ಕೂ ಹಳೆಯದು.

"ಎಷ್ಟು ಬಾಗಿದೆ ಅಂತ ನೋಡಿದಿರಿ, ಎಷ್ಟು ಕತ್ತರಿಸಿದ್ದಾರೆ ಅಂತ ನೋಡಲಿಲ್ಲ. ಉತ್ಸುರಿ ಕಾಣಲಿಲ್ವಾ?" ಅಂದರು.

ಮತ್ತೆ ಕೈಗೆ ತೆಗೆದುಕೊಂಡು ಬಲ್ಬಿಗೆ ಹಿಡಿದೆ. ಹಮೋನ್‌ಗೂ ಅಲಗಿನ ನಡುವೆ ಉಬ್ಬಿದ ಗೆರೆಗೂ ಮಧ್ಯೆ, ಕನ್ನಡಿಗೆ ಉಸಿರು ಬಿಟ್ಟಂಥ ಮಸುಕು ಛಾಯೆ. ಉತ್ಸುರಿ ಅಂದರೆ ಅದೇ, ಹಳೆ ಬಿಜೆನ್ ಕತ್ತಿಯಲ್ಲಿ ಮೊದಲು ಹುಡುಕಬೇಕಾದದ್ದು. ಹಿಂದೆ ಮೂವರು ಕಾಯುತ್ತಿದ್ದರು. ತಲೆಬಾಗಿ ಜಾಗ ಬಿಟ್ಟುಕೊಟ್ಟೆ, ಬಾಯಿ ಮಾತ್ರ ತೆರೆಯಲಿಲ್ಲ.