ಡಬ್ಬಿಗೆ ತೂತು ಕೊರೆದ ಮೇಲೆ ನೀರು ನಿಂತಿತು

ಮೂರು ಮಳೆಗಾಲದಲ್ಲಿ ನಾನು ನನ್ನ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿನ ಎರಡು ವೆಸ್ಕ್ (ಮೋಟರ್ ಓಡಿಸೋ ಕಂಟ್ರೋಲರ್) ಸುಟ್ಟೆ, ಒಂದು ಬ್ಯಾಟರಿ ಪ್ಯಾಕ್ ಕೊಳೆಸಿದೆ. ಇದು ನಾಲ್ಕನೇ ಮಳೆಗಾಲ. ಮೊನ್ನೆ ಹುಬ್ಬಳ್ಳಿಯ ನವನಗರದ ಒಳರಸ್ತೆಗಳಲ್ಲಿ ಜಿಟಿಜಿಟಿ ಮಳೆಯಲ್ಲೇ ಒಂದು ತಾಸು ಸುತ್ತಾಡಿ ಬಂದು, ಬೋರ್ಡ್ ಮಗುಚಿ ಹಾಕಿ, ಅಡಿಯಲ್ಲಿ ವೆಸ್ಕ್ ಮತ್ತು ಬ್ಯಾಟರಿ ಇಡೋ ಡಬ್ಬಿ ಬಿಚ್ಚಿದೆ. ಒಳಗೆ ಹಾಸಿದ್ದ ನ್ಯೂಸ್‌ಪೇಪರ್ ಗರಿಗರಿಯಾಗಿತ್ತು. ಅದರ ಮೇಲೆ ಉದುರಿಸಿದ್ದ ಕುಂಕುಮ ಪುಡಿ ಪುಡಿಯಾಗೇ ಇತ್ತು. ಆ ಖುಷಿಗೆ ಇದನ್ನು ಬರೆಯುತ್ತಿದ್ದೇನೆ. "ಡಬ್ಬಿಗೆ ತೂತು ಕೊರದ್ರ ನೀರ್ ನಿಲ್ತೈತೇನಲೇ?" ಅಂತ ನಕ್ಕವರೂ ಓದಲಿ.

ಬೋರ್ಡ್ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಮಾಡಿದವರಿಗೆ ಗೊತ್ತಿರೋದೇ. 12 ಎಂಎಂ ಮರೀನ್ ಪ್ಲೈ ಡೆಕ್, 90 ಎಂಎಂ ಚಕ್ರ, 190 ಕೆವಿಯ (ಒಂದು ವೋಲ್ಟಿಗೆ ನಿಮಿಷಕ್ಕೆ 190 ಸುತ್ತು) ಒಂದೇ ಮೋಟರ್, 15ಕ್ಕೆ 36 ಹಲ್ಲಿನ ಪುಲ್ಲಿ, 10ಎಸ್ 3ಪಿ ಪ್ಯಾಕ್, ಅಂದ್ರೆ ಮೂರು ಮೂರು ಸೆಲ್‌ನ ಹತ್ತು ಗುಂಪು. ಲೆಕ್ಕದಲ್ಲಿ ಗಂಟೆಗೆ 48 ಕಿಮೀ ಬರುತ್ತೆ. ನಾನು 25ಕ್ಕೆ ಕಟ್ಟಿಹಾಕಿದ್ದೇನೆ, ನಮ್ಮ ಓಣಿಯ ಹಂಪ್‌ಗಳು ಯಾರ ಲೆಕ್ಕಕ್ಕೂ ಸಿಗಲ್ಲ. ಒಂದು ಚಾರ್ಜ್‌ಗೆ 17-18 ಕಿಮೀ ಹೋಗುತ್ತೆ. ಧಾರವಾಡ 20 ಕಿಮೀ. ಆ ಎರಡು ಕಿಲೋಮೀಟರಿನ ಸಿಟ್ಟು ನನಗೆ ಇನ್ನೂ ಇದೆ. ಹಾಗಂತ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ದಾರಿಗೆಲ್ಲ ಇಳಿಯಬೇಡಿ. ನಾನು ಓಡಿಸೋದು ನಸುಕಿನಲ್ಲಿ, ಲೇಔಟ್ ರಸ್ತೆಗಳಲ್ಲಿ ಮಾತ್ರ.

ಮೊದಲ ಡಬ್ಬಿ ಅಂದ್ರೆ ವೈರಿಂಗ್‌ಗೆ ಹಾಕೋ ಪಿವಿಸಿ ಬಾಕ್ಸ್, ಸುತ್ತ ಸಿಲಿಕೋನ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಅಲ್ವಾ, ಮೊದಲ ಮಳೆಯಲ್ಲಿ ನನ್ನ ಬೋರ್ಡ್ ಅಷ್ಟು ದೂರವೂ ಓಡಲಿಲ್ಲ. ವೆಸ್ಕ್ ಹೋಯಿತು. 9 ಸಾವಿರ.

ಎರಡನೇ ವರ್ಷ ಫೈಬರ್ ಡಬ್ಬಿ ಎರಕ ಹೊಯ್ದೆ. ಮಳೆಗಾಲದಲ್ಲಿ ರೆಸಿನ್ ಬೇಗ ಗಟ್ಟಿಯಾಗಲ್ಲ ಅಂತ ಆಗ ಗೊತ್ತಾಯಿತು. ಎರಡು ದಿನ ಬೆರಳಿಗೆ ಅಂಟಿತು. ಈ ಸಲ ಒಳಗೂ ಹೊರಗೂ ಸಿಲಿಕೋನ್ ಬಳಿದೆ, ಪ್ರತಿ ಸೆಲ್ ಗುಂಪಿಗೆ ಹೋಗೋ ಸಣ್ಣ ಬ್ಯಾಲೆನ್ಸ್ ವೈರ್‌ಗಳ ಬುಡವನ್ನೂ ಬಿಡಲಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋದು, ಹಚ್ಚಿದಾಗ ವಿನೆಗರ್ ತರ ಮೂಗಿಗೆ ಹೊಡೆಯುತ್ತಲ್ಲ, ಅದೇ. ಆ ವಾಸನೆ ಬಂದರೆ ತಾಮ್ರದ ಹತ್ತಿರ ಸುಳಿಯಬೇಡಿ. ಮೂರು ತಿಂಗಳಿಗೆ ವೈರ್ ಎಲ್ಲ ಹಸಿರು ಪಾಚಿ ಹಿಡಿದಂತಾಗಿತ್ತು. ಏಳನೇ ಗುಂಪಿನ ಸೆಲ್‌ಗಳು 1.4 ವೋಲ್ಟ್‌ಗೆ ಇಳಿದಿದ್ದವು. ಅವನ್ನು ಮತ್ತೆ ಚಾರ್ಜ್ ಮಾಡೋ ಧೈರ್ಯ ಮಾಡಲಿಲ್ಲ, ನೀವೂ ಮಾಡಬೇಡಿ. ಉಳಿದವನ್ನೂ ನಂಬದೆ ಇಡೀ ಪ್ಯಾಕ್ ಬದಲಿಸಿದೆ. 30 ಸೆಲ್, ಸುಮಾರು ಏಳೂವರೆ ಸಾವಿರ. ಈಗ ಹಚ್ಚೋದು ನ್ಯೂಟ್ರಲ್ ಸಿಲಿಕೋನ್, ಅದೂ ತೆಳ್ಳಗೆ.

ಮೂರನೇ ವರ್ಷ ನನ್ನ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಲಾರಿ ಟ್ಯೂಬ್ ಕತ್ತರಿಸಿ ಗ್ಯಾಸ್ಕೆಟ್ ಮಾಡಿದ್ದೆ. ಅದು ಒಮ್ಮೆ ಒತ್ತಿದರೆ ಒತ್ತಿಕೊಂಡೇ ಇರುತ್ತೆ, ವಾಪಸ್ ಉಬ್ಬಲ್ಲ ಅಂತ ಕಂಡ ಮೇಲೆ ತೆಗೆದು ಕಾರ್ ಡೋರ್ ಬೀಡಿಂಗ್ ಹಾಕಿದೆ. ಸ್ಕ್ರೂ ನಾಲ್ಕಿಂಚಿಗೆ ಒಂದು ಇದ್ದದ್ದನ್ನು ಎರಡಿಂಚಿಗೆ ತಂದೆ. ಪ್ಲೈನ ತೂತುಗಳನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಅದರ ನಡುವೆ ಮತ್ತೆ ಕೊರೆದೆ. ರಾತ್ರಿಯಿಡೀ ಡಬ್ಬಿಯ ಮೇಲೆ ಇಟ್ಟಂಗಿ ಹೇರಿ ಬಕೆಟ್‌ನಲ್ಲಿ ಮುಳುಗಿಸಿದೆ. ಒಂದು ಹನಿ ಇಲ್ಲ! ಹೊರಗೆ ಓಡಿಸಿ ಬಂದರೆ ಎರಡು ಚಮಚ ನೀರು. ಎರಡನೇ ವೆಸ್ಕ್ ಅದಕ್ಕೇ ಹೋಯಿತು, 8 ಸಾವಿರ.

ಇಲ್ಲಿ ನನ್ನ ತಲೆ ಕೆಟ್ಟಿತು. ಇನ್ವರ್ಟರ್ ರಿಪೇರಿ ಮಾಡುವ ಗೆಳೆಯನೊಬ್ಬ "ಇನ್ನೊಂದು ಟ್ಯೂಬ್ ಸಿಲಿಕೋನ್ ಹಾಕು" ಅಂದ. ಗೋಕುಲ ರಸ್ತೆಯ ಲೇಥ್ ಕಾಕಾ "ಮಳ್ಯಾಗ ಯಾಕ ಹೋಗ್ತಿ ತಮ್ಮಾ, ಮನ್ಯಾಗ ಇರು" ಅಂದ್ರು. ನೀರು ಎಲ್ಲಿಂದ ಬರುತ್ತೆ ಅಂತ ನೋಡಲು ನ್ಯೂಸ್‌ಪೇಪರ್ ಮೇಲೆ ಕುಂಕುಮ ಉದುರಿಸಿ ಮುಚ್ಚಿದೆ. ಅವ್ವ ಕುಂಕುಮದ ಡಬ್ಬಿ ಹುಡುಕುತ್ತಿದ್ದಳು, ಆ ಮಾತು ಬೇಡ. ಬಿಚ್ಚಿ ನೋಡಿದರೆ ಅಂಚಿನ ಗ್ಯಾಸ್ಕೆಟ್ ಹತ್ತಿರ ಏನೂ ಇಲ್ಲ. ಮೋಟರ್ ವೈರ್ ಒಳಬರುವ ಗ್ಲ್ಯಾಂಡ್‌ನಿಂದ (ವೈರ್ ಸುತ್ತ ಬಿಗಿಯೋ ಬಿರಡೆ) ಒಂದೇ ಒಂದು ಕೆಂಪು ಗೆರೆ, ಎಳೆದ ಹಾಗೆ, ನೇರವಾಗಿ ಒಳಗೆ ಬಂದಿತ್ತು. ಸೋರಿದ ನೀರು ಹರಡುತ್ತೆ. ಇದು ಚಿಮ್ಮಿದ ಗುರುತು.

ಮರುದಿನ ಖಾಲಿ ಡಬ್ಬಿಯನ್ನು ಮಾಳಿಗೆ ಮೇಲೆ ಒಂದು ತಾಸು ಬಿಸಿಲಿಗೆ ಇಟ್ಟೆ. ಕೈ ಇಡಲಾಗದಷ್ಟು ಕಾದಿತು. ಎತ್ತಿ ಸೀದಾ ತಣ್ಣೀರಿನ ಬಕೆಟ್‌ಗೆ ಹಾಕಿದೆ. ಹತ್ತು ನಿಮಿಷ ಬಿಟ್ಟು ತೆಗೆದರೆ ಒಳಗೆ ಅದೇ ಎರಡು ಚಮಚ! ಅಂದ್ರೆ ನೀರು ತಾನಾಗಿ ನುಗ್ಗುತ್ತಿರಲಿಲ್ಲ, ನನ್ನ ಡಬ್ಬಿಯೇ ಹೀರುತ್ತಿತ್ತು. ಓಡುವಾಗ ವೆಸ್ಕ್ ಕಾಯುತ್ತೆ, ಒಳಗಿನ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗುತ್ತೆ. ಮೇಲೆ ಮಳೆನೀರು ಬಿದ್ದು ತಣ್ಣಗಾದಾಗ ಹೋದ ಗಾಳಿಯ ಜಾಗಕ್ಕೆ ಏನಾದರೂ ಬೇಕು. ಗ್ಲ್ಯಾಂಡ್ ಬಾಯಲ್ಲಿ ನೀರು ಕೂತಿದ್ದರೆ ಅದನ್ನೇ ಎಳೆಯುತ್ತೆ. ನಾನು ಸೀಲ್ ಬಿಗಿ ಮಾಡಿದಷ್ಟೂ ಎಳೆತ ಜಾಸ್ತಿ.

ಹಾಗಾಗಿ ತೂತು. ಮೊದಲು ಬೈಕ್ ಹೆಡ್‌ಲೈಟ್ ಹಿಂದಿರುವ ಬ್ರೀದರ್ ರಬ್ಬರ್ ಕೊಳವೆ ಹಾಕಿ ನೋಡಿದೆ. ಕೆಲಸ ಮಾಡಿತು, ಆದರೆ ಡೆಕ್ ಕೆಳಗೆ ಜೋತಾಡಿ ಹಂಪ್‌ಗೆ ಸಿಕ್ಕಿ ಕಿತ್ತುಹೋಯಿತು. ಆಮೇಲೆ ಗುಜರಿ ಅಂಗಡಿಯಲ್ಲಿ ಒಡೆದ ಎಲ್‌ಇಡಿ ಬೀದಿದೀಪ ಕಂಡಿತು. ಅದರ ಬೆನ್ನಿಗೆ ಬಟನ್ ಗಾತ್ರದ ಎಂ12 ವೆಂಟ್, ಅಂದ್ರೆ ಗಾಳಿಕಿಂಡಿ ಇರುತ್ತೆ. ಒಳಗೆ ಬಿಳಿ ಟೆಫ್ಲಾನ್ ಪೊರೆ, ಗಾಳಿ ಬಿಡುತ್ತೆ, ನೀರು ಬಿಡಲ್ಲ. 20 ರೂಪಾಯಿಗೆ ಕಿತ್ತುಕೊಂಡು ಬಂದೆ. ಡಬ್ಬಿಯ ಹಿಂಭಾಗಕ್ಕೆ ಕೂರಿಸಿದೆ, ಚಕ್ರದ ಕೆಸರು ಎರಚದ ಜಾಗದಲ್ಲಿ. ಮತ್ತೆ ಬಿಸಿಲು, ಮತ್ತೆ ಬಕೆಟ್. ಒಣ. ಆರು ಸಲ ಮಾಡಿದೆ, ಆರೂ ಸಲ ಒಣ. ಇನ್ವರ್ಟರ್ ಗೆಳೆಯನನ್ನು ಮಾಳಿಗೆಗೇ ಕರೆಸಿ ಏಳನೇ ಸಲ ತೋರಿಸಿದೆ. ಏನೂ ಮಾತಾಡಲಿಲ್ಲ, ಗಿರ್ಮಿಟ್ ಕೊಡಿಸಿದ.

ವೆಂಟ್ ಮುಂದೆ ಒಳಗಡೆ ಒಂದು ಸಣ್ಣ ಗೋಡೆ ಇಟ್ಟಿದ್ದೇನೆ. ಅದರ ಆಕಾರ ಹೇಳಲ್ಲ, ಮೂರು ವರ್ಷದ ಮಳೆಯಲ್ಲಿ ಕಲಿತದ್ದು.

ಮೋಟರ್ ಸೀಲ್ ಮಾಡೋ ಹುಚ್ಚೂ ಒಮ್ಮೆ ಹತ್ತಿತ್ತು. ಎಣ್ಣೆ ಡಬ್ಬಿ ಕತ್ತರಿಸಿ ಟೊಪ್ಪಿಗೆ ಹಾಕಿದೆ, ಅರ್ಧ ತಾಸಿಗೆ ಇಸ್ತ್ರಿ ಪೆಟ್ಟಿಗೆ ಥರ ಕಾದಿತು. ತೆಗೆದೆ. ಸುರುಳಿ ತಂತಿಗೆ ಎನಾಮಲ್ ಇರುತ್ತೆ, ನೀರು ಬಂದು ಹರಿದು ಹೋಗಲಿ. ಕೆಡೋದು ಬೇರಿಂಗ್ ಮತ್ತು ಮೋಟರ್ ತಿರುಗೋದನ್ನು ಗುರುತಿಸೋ ಹಾಲ್ ಸೆನ್ಸರ್. ಬೇರಿಂಗ್ ರಬ್ಬರ್ ಸೀಲ್ ಇರೋದನ್ನೇ ಹಾಕಿ. ಸೆನ್ಸರ್‌ಗೆ ನಾನು ಬಳಿದಿರೋದು ಸದ್ಯ ನನ್ನ ಹತ್ತಿರವೇ ಇರಲಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೋಡಿದೆ, ಸುಮ್ನೆ ಜಾಗ ದಂಡ. ಬೆಲ್ಟ್ ಮಾತ್ರ ನೀರಿಗೆ ಹೆದರಲ್ಲ, ಎರಿ ಮಣ್ಣಿಗೆ ಹೆದರುತ್ತೆ. ನವಲಗುಂದ ಕಡೆ ಅತ್ತೆಯ ಊರಲ್ಲಿ ಜಂಭ ತೋರಿಸಲು ಹೋಗಿ ಬಂಡಿದಾರಿಗೆ ಇಳಿದೆ. ನೂರು ಮೀಟರಿಗೆ ಹಲ್ಲುಗಳ ನಡುವೆ ಮಣ್ಣು ಮೆತ್ತಿ ಬೆಲ್ಟ್ ಟಕಟಕ ಜಿಗಿಯತೊಡಗಿತು. ಬೋರ್ಡ್ ಹೆಗಲ ಮೇಲೆ ಹೊತ್ತು ವಾಪಸ್ ಬಂದೆ, ಹಿಂದೆ ಅರ್ಧ ಊರಿನ ಹುಡುಗರು.

ಖರ್ಚು ಕೇಳುವವರಿಗೆ: ಬೋರ್ಡ್‌ಗೆ ಹತ್ತಿರ ಹತ್ತಿರ 40 ಸಾವಿರ, ನೀರಿಗೆ ಹಾಕಿದ್ದು 25 ಸಾವಿರ. ಮನೆಯಲ್ಲಿ ಹೇಳಿದ್ದು ಒಟ್ಟು 30. "ಅಷ್ಟಕ್ಕ ಹಳೇ ಸ್ಕೂಟಿ ಬರ್ತಿತ್ತು" ಅಂತ ಅವ್ವ ಅದಕ್ಕೇ ಅಂತಾಳೆ, ನಿಜ ಗೊತ್ತಾದರೆ ಏನಂತಾಳೋ.

ಇನ್ನೂ ಕಾಡ್ತಿರೋದು ಚಾರ್ಜಿಂಗ್ ಪೋರ್ಟಿನ ಮುಚ್ಚಳ. ಬಂದದ್ದು ಎರಡೇ ವಾರಕ್ಕೆ ಹರಿಯಿತು. ಈಗ ಇಂಜೆಕ್ಷನ್ ಬಾಟಲಿಯ ರಬ್ಬರ್ ಬೂಚು ಒತ್ತಿದ್ದೇನೆ, ಹೇಳಿ ಮಾಡಿಸಿದ ಹಾಗೆ ಕೂರುತ್ತೆ. ಆದರೆ ಎಲ್ಲೋ ಉದುರಿ ಹೋಗುತ್ತೆ. ಈ ತಿಂಗಳು ಮೂರು ಕಳೆದವು, ಜೇಬಿನಲ್ಲಿ ನಾಲ್ಕಿವೆ.